ಅಡಕತ್ತರಿಯಲ್ಲಿ ಕತ್ತರಿಸಿದ ಮಾತ್ರೆ

೧

ಎಲ್ಲಿಂದ ಶುರು ಮಾಡೋಣ, ನೀವೇ ಹೇಳಿ. ತಲೆಯಿಂದ ಶುರು ಮಾಡಿದರೆ ನಗುತ್ತೀರಿ. ಬೋಳು ತಲೆ ಎಂದ ಕೂಡಲೇ ಜನಕ್ಕೆ ನಗು ಬರುತ್ತದೆ, ಅದು ನನಗೆ ಗೊತ್ತು (ನನ್ನ ಫೋಟೋ ನೋಡಿದವರಿಗೆ, ಹೇಗೆ ಗೊತ್ತು ಎಂಬುದೂ ಗೊತ್ತು). ಹೊಟ್ಟೆಯಿಂದ ಶುರು ಮಾಡಿದರೆ, ಅಂದರೆ ಲಹರಿಯ ಮೂರು ತಿಂಗಳ ಬಸಿರಿನಿಂದ, ಹೆದರುತ್ತೀರಿ. ಕಥೆಗೆ ಎರಡೂ ಬೇಕು. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ಆಗುವುದಿಲ್ಲ.

ಮೊದಲ ಡ್ರಾಫ್ಟ್ ಹೀಗಿತ್ತು: "ಆ ಬೆಳಗ್ಗೆ ಪ್ರದ್ಯುಮ್ನ ಕನ್ನಡಿಯ ಮುಂದೆ ನಿಂತು ತನ್ನ ಹಣೆಯನ್ನು..." ಥೂ. ಪಾತ್ರವನ್ನು ಕನ್ನಡಿ ಮುಂದೆ ನಿಲ್ಲಿಸಿ ಮುಖ ವರ್ಣಿಸುವ ಹಳೇ ಉಪಾಯ. ಹರಿದು ಹಾಕಿದೆ. (ಲ್ಯಾಪ್‌ಟಾಪಿನಲ್ಲಿ ಹರಿಯುವುದು ಹೇಗೆ ಎಂದು ಕೇಳಬೇಡಿ.)

೨

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಪ್ರದ್ಯುಮ್ನನಿಗೆ ಮೂವತ್ತಮೂರು. ಜಯಲಕ್ಷ್ಮಿಪುರಂನಲ್ಲಿ ಮನೆ, ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್, ಇನ್ನೂ ಮದುವೆಯಿಲ್ಲ. ಮುತ್ತಾತ ಅರಮನೆಯಲ್ಲಿ ಪಂಡಿತರಾಗಿದ್ದರು. ನಡುಮನೆಯಲ್ಲಿ ಅವರ ಫೋಟೋ ಇದೆ, ತಲೆಯ ಮೇಲೆ ಜರಿಪೇಟ. ಪೇಟದ ಕೆಳಗೆ ಏನಿತ್ತು ಎಂದು ಪ್ರದ್ಯುಮ್ನ ಎಷ್ಟೋ ಸಲ ಯೋಚಿಸಿದ್ದಾನೆ. ತಂದೆ ರಾಮಸ್ವಾಮಿಯವರ ತಲೆಯಲ್ಲಂತೂ ಯೋಚಿಸಲು ಏನೂ ಉಳಿದಿಲ್ಲ.

ಹೋದ ವರ್ಷ ಎರಡು ಹೆಣ್ಣಿನ ಕಡೆಯವರು ಬಂದು ಉಪ್ಪಿಟ್ಟು ತಿಂದು ಹೋದರು. "ಹುಡುಗನಿಗೆ ವಯಸ್ಸು ಜಾಸ್ತಿ ಕಾಣತ್ತೆ" ಎಂದು ಆಮೇಲೆ ಫೋನಿನಲ್ಲಿ ಹೇಳಿದರು. ಇಬ್ಬರೂ ಅದನ್ನೇ ಹೇಳಿದರು. ಪ್ರದ್ಯುಮ್ನ ಊರಿನ ಆ ತುದಿಗೆ, ಸಿದ್ಧಾರ್ಥನಗರಕ್ಕೆ ಹೋಗಿ ಚರ್ಮದ ಡಾಕ್ಟರನ್ನು ಕಂಡ. ಅಲ್ಲಿ ಪರಿಚಯದವರು ಯಾರೂ ಸಿಗುವುದಿಲ್ಲ ಎಂಬುದೊಂದೇ ಕಾರಣ. ಡಾಕ್ಟರಮ್ಮ ಫಿನಾಸ್ಟರೈಡ್ ಬರೆದುಕೊಟ್ಟರು. ಒಂದು ಮಿಲಿಗ್ರಾಂ, ದಿನಕ್ಕೊಂದು. ನಿಲ್ಲಿಸಿದರೆ ಉಳಿದದ್ದೂ ಹೋಗುತ್ತದೆ ಎಂದರು. ಮೇಲೆ ಒಂದು ಪ್ರಶ್ನೆ ಕೇಳಿದರು.

"ಮನೇಲಿ ಯಾರಾದ್ರೂ ಪ್ರೆಗ್ನೆಂಟ್ ಇದಾರಾ? ಒಡೆದ ಮಾತ್ರೆ ಅವರು ಮುಟ್ಟಬಾರದು."

"ಇಲ್ಲ ಮೇಡಂ. ಅಪ್ಪ, ಅಮ್ಮ, ನಾನು, ಅಷ್ಟೇ."

ಅವತ್ತಿಗೆ ಅದು ನಿಜವೇ ಆಗಿತ್ತು. ನೆನಪಿಟ್ಟುಕೊಳ್ಳಿ. ಅವನು ಮರೆತ.

೨ (ಮತ್ತೆ, ಯಾಕೆಂದರೆ ಮುಖ್ಯವಾದದ್ದು ಬಿಟ್ಟುಹೋಯಿತು)

ಮೊದಲ ತಿಂಗಳ ಮಾತ್ರೆ ಸಿದ್ಧಾರ್ಥನಗರದಲ್ಲೇ ಕೊಂಡ. ಪ್ರತಿ ತಿಂಗಳೂ ಅಷ್ಟು ದೂರ ಹೋಗಲು ಸೋಮಾರಿತನ. ಆನ್‌ಲೈನ್ ಇಲ್ಲವೇ ಎನ್ನುತ್ತೀರಿ. ಪಾರ್ಸೆಲ್ ಬಂದರೆ ತಾಯಿ ವೇದವತಿ ಬಾಗಿಲಲ್ಲೇ ಕತ್ತರಿ ಹಿಡಿದು ನಿಂತಿರುತ್ತಾರೆ. ಉಳಿದದ್ದು ಮನೆ ಹತ್ತಿರದ ಗುರುಮಲ್ಲಪ್ಪನವರ ಮೆಡಿಕಲ್ ಸ್ಟೋರ್. ಗುರುಮಲ್ಲಪ್ಪ ರಾಮಸ್ವಾಮಿಯವರ ವಾಕಿಂಗ್ ಗೆಳೆಯ, ಒಳ್ಳೆಯ ಮನುಷ್ಯ. ಆದರೆ ಯಾರು ಯಾವ ಮಾತ್ರೆ ಕೇಳಿದರೂ ಅದರ ಹೆಸರನ್ನು ಎದುರುಗಡೆ ಬಸ್‌ಸ್ಟಾಪಿನವರೆಗೂ ಕೇಳಿಸುವಂತೆ ಕೂಗಿಯೇ ಕಪಾಟಿನಿಂದ ತೆಗೆಯುವುದು.

ಹಾಗಾಗಿ ಪ್ರದ್ಯುಮ್ನ ತಂದೆಯ ಹಳೇ ಚೀಟಿ ಹುಡುಕಿದ. ರಾಮಸ್ವಾಮಿಯವರಿಗೆ ಪ್ರಾಸ್ಟೇಟ್ ತೊಂದರೆಯಿದ್ದಾಗ ಇದೇ ಔಷಧಿ ಕೊಟ್ಟಿದ್ದರು, ಐದು ಮಿಲಿಗ್ರಾಮಿನದು. ಎರಡು ವರ್ಷದ ಹಿಂದೆ ಆಪರೇಷನ್ ಆಯಿತು, ಮಾತ್ರೆ ನಿಂತಿತು, ಚೀಟಿ ಮಾತ್ರ ಪಂಚಾಂಗದೊಳಗೆ ಉಳಿದಿತ್ತು.

"ಅಪ್ಪಂಗಾ?" ಎಂದರು ಗುರುಮಲ್ಲಪ್ಪ.

"ಹ್ಞೂಂ, ಅಪ್ಪಂಗೆ."

ಐದನ್ನು ನಾಲ್ಕು ಭಾಗ ಮಾಡಿದರೆ ಒಂದೂಕಾಲು, ಪರವಾಗಿಲ್ಲ ಎಂದು ಕೆಮಿಸ್ಟ್ರಿ ಮೇಷ್ಟ್ರು ತೀರ್ಮಾನಿಸಿದ. ಚಾಕುವಿನಲ್ಲಿ ಕತ್ತರಿಸಿದರೆ ಮಾತ್ರೆ ಸಿಡಿದು ಫ್ರಿಜ್ಜಿನ ಅಡಿಗೆ ಹೋಯಿತು. ಆಗ ಕಣ್ಣಿಗೆ ಬಿದ್ದದ್ದು ತಾಯಿಯ ಎಲೆಅಡಿಕೆ ತಟ್ಟೆಯಲ್ಲಿದ್ದ ಅಡಕತ್ತರಿ. ಅಜ್ಜಿಯ ಕಾಲದ ಹಿತ್ತಾಳೆ ಹಿಡಿ, ಉಕ್ಕಿನ ಅಲಗು. ಒಂದು ಸಲ ಕಟ್, ಎರಡಾಯಿತು. ಮತ್ತೆರಡು ಸಲ ಕಟ್, ನಾಲ್ಕಾಯಿತು. ನಾಲ್ಕು ದಿನಕ್ಕೊಮ್ಮೆ ಬೆಳಗ್ಗೆ, ವೇದವತಿ ಸ್ನಾನಕ್ಕೆ ಹೋದಾಗ, ಈ ಕೆಲಸ.

೩

ಲಹರಿ ಬಂದಳು. ಪ್ರದ್ಯುಮ್ನನ ಅಕ್ಕ. ನಜರ್‌ಬಾದಿನಲ್ಲಿ ಗಂಡನ ಮನೆ, ಆಟೋದಲ್ಲಿ ಇಪ್ಪತ್ತು ನಿಮಿಷ. ಮದುವೆಯಾಗಿ ಏಳು ವರ್ಷ. ಆಸ್ಪತ್ರೆ, ಇಂಜೆಕ್ಷನ್ನು, ಹರಕೆ, ಅಳು ಎಲ್ಲ ಮುಗಿದು, ಇನ್ನು ಬೇಡ ಎಂದುಕೊಂಡ ಮೇಲೆ ನಿಂತ ಬಸಿರು. ಈಗ ಮೂರನೇ ತಿಂಗಳು. ಹೊಟ್ಟೆಯಲ್ಲಿ ಒಂದು ಹನಿ ನೀರು ನಿಲ್ಲುತ್ತಿಲ್ಲ ಎಂದು ತವರಿಗೆ ಬಂದಳು.

ಅವಳಿಗೆ ಹಿಡಿಸಿದ್ದು ಒಂದೇ. ವಾಕರಿಕೆ ಬಂದಾಗ ಬಾಯಿಗೊಂದು ಚೂರು ಅಡಿಕೆ. ಅಮ್ಮನ ತಟ್ಟೆಯಿಂದ ತಾನೇ ಕತ್ತರಿಸಿ, ಅಲಗಿಗಂಟಿದ ಚೂರನ್ನೂ ಬೆರಳಲ್ಲಿ ತೆಗೆದು ನಾಲಗೆಗೆ ಇಟ್ಟುಕೊಳ್ಳುವಳು. ದಿನಕ್ಕೆ ಐದಾರು ಸಲ, ಹನ್ನೆರಡು ದಿನ.

ಹನ್ನೆರಡನೆಯ ದಿನ ಮಂಗಳವಾರ. ಪ್ರದ್ಯುಮ್ನ ಕಾಲೇಜಿಗೆ ಹೊರಟು ಶೂ ಹಾಕಿಕೊಳ್ಳುತ್ತಿದ್ದ. ಲಹರಿ ಅಡಕತ್ತರಿ ಎತ್ತಿ ನೋಡಿ, "ಈ ಅಮ್ಮ ಎಲ್ಲದಕ್ಕೂ ಸುಣ್ಣ ಮೆತ್ತಿರ್ತಾಳೆ ಕಣೋ" ಎಂದು ಅಲಗಿನ ಮೇಲಿನ ಬಿಳಿ ಪುಡಿಯನ್ನು ಹೆಬ್ಬೆರಳಲ್ಲಿ ಒರೆಸಿದಳು. ಅದೇ ಬೆರಳಲ್ಲಿ ಅಡಿಕೆ ಬಾಯಿಗೆ ಹಾಕಿಕೊಂಡಳು.

ಅದು ಸುಣ್ಣವಲ್ಲ. ಬೆಳಗ್ಗೆ ಏಳು ಗಂಟೆಯ ಮಾತ್ರೆ.

ಡಾಕ್ಟರಮ್ಮನ ಪ್ರಶ್ನೆ ಆಗ ನೆನಪಾಯಿತು. ಒಂದು ಶೂ ಹಾಕಿಕೊಂಡೇ ರೂಮಿಗೆ ಹೋಗಿ ಫೋನಿನಲ್ಲಿ ಹುಡುಕಿದ. ಗರ್ಭಿಣಿಯರ ಮೈಗೆ ಈ ಔಷಧಿ ಸೇರಿದರೆ, ಒಳಗಿರುವುದು ಗಂಡು ಮಗುವಾದರೆ, ಜನನಾಂಗದ ಬೆಳವಣಿಗೆಗೆ ತೊಂದರೆಯಾಗಬಹುದು. ಮೊದಲ ತಿಂಗಳುಗಳಲ್ಲಿ ಹೆಚ್ಚು ಎಚ್ಚರ ಬೇಕು. ಹೆಣ್ಣಾದರೆ ಆ ಭಯವಿಲ್ಲ. ಇಷ್ಟನ್ನು ಹನ್ನೊಂದು ಕಡೆ ಓದಿದ. ಎಲ್ಲ ಕಡೆಯೂ 'ಬಹುದು' ಎಂದೇ ಇತ್ತು.

೫ (ನಾಲ್ಕನೆಯದನ್ನು ಅವನು ಬರೆಯಲು ಬಿಡಲಿಲ್ಲ)

ಪ್ರದ್ಯುಮ್ನ ನನ್ನ ಹತ್ತಿರ ಜಗಳಕ್ಕೇ ಬಂದ. ನಾನು ಕಾಫಿ ಕುಡಿಯುತ್ತಿದ್ದೆ.

"ಅಡಕತ್ತರಿ ಅಲ್ಲಿಟ್ಟವರು ಯಾರ್ರೀ? ನೀವೇ ತಾನೇ?"

"ಇಟ್ಟಿದ್ದು ನಾನು. ಮಾತ್ರೆ ಕತ್ತರಿಸಿದ್ದು ನೀನಪ್ಪ."

"ಒಂದು ಪಿಲ್ ಕಟರ್ ಕೊಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಕಥೆ ಹೋಗ್ತಿತ್ತು."

"ಏಳು ವರ್ಷ ಕಾದಿದಾಳೆ ಸಾರ್ ಅವಳು! ನಿಮಗೆ ಕಥೆ!"

ಅವನು ಹೇಳಿದ್ದು ಸರಿ, ನನಗೆ ನಾಚಿಕೆಯಾಯಿತು. ಆದರೂ ಹೇಳಿದೆ, "ಹೋಗಿ ಅವಳಿಗೆ ಹೇಳಿಬಿಡು. ಇವತ್ತೇ. ನಾನು ಒಂದೇ ಪ್ಯಾರಾದಲ್ಲಿ ಮುಗಿಸ್ತೀನಿ."

"ಹೇಳ್ತೀನಿ" ಎಂದ. "ಸ್ವಲ್ಪ ಟೈಮ್ ಕೊಡಿ."

ಕೊಟ್ಟೆ. ನನ್ನ ತಪ್ಪು ಅಲ್ಲಿದೆ, ಅಡಕತ್ತರಿಯಲ್ಲಲ್ಲ.

೬

ಕೊಟ್ಟ ಟೈಮಿನಲ್ಲಿ ಅವನು ಮಾಡಿದ್ದು: ಮಾತ್ರೆ ನಿಲ್ಲಿಸಿದ. ಅಡಕತ್ತರಿಯನ್ನು ಸೋಪಿನಲ್ಲಿ ತೊಳೆದ, ಹುಣಸೆಹಣ್ಣಿನಲ್ಲಿ ಉಜ್ಜಿದ, ಹಾಲಿನ ಪಾತ್ರೆಯಲ್ಲಿ ನೀರಿಟ್ಟು ಕುದಿಸಿದ.

"ಏನೋ ಇದು, ಅಡಕತ್ತರಿ ಬೇಯಿಸ್ತಿದೀಯ?" ಎಂದರು ವೇದವತಿ.

"ತುಕ್ಕಮ್ಮ."

"ಹಾಲಿನ ಪಾತ್ರೇಲಾ?"

ಗುರುವಾರ ವೇದವತಿ ಮೊಮ್ಮಗನಾದರೆ ಬೆಟ್ಟ ಹತ್ತಿ ಬರುತ್ತೇನೆಂದು ಚಾಮುಂಡಿಗೆ ಹರಕೆ ಹೊತ್ತರು. ಶುಕ್ರವಾರ ಪ್ರದ್ಯುಮ್ನ ಕಾಲೇಜಿಗೆ ರಜೆ ಹಾಕಿ ಸಾವಿರ ಮೆಟ್ಟಿಲು ಹತ್ತಿದ. ಹೆಣ್ಣಾಗಲಿ ತಾಯಿ, ಹೆಣ್ಣೇ ಆಗಲಿ. ಒಂದೇ ಮನೆಯಿಂದ ಎರಡು ಅರ್ಜಿ. ದೇವಿ ಯಾವುದಕ್ಕೆ ಸಹಿ ಹಾಕಿದಳೋ ನನಗೆ ಗೊತ್ತಿಲ್ಲ, ನಿಮ್ಮಾಣೆ.

ಲಹರಿಗೆ ಮಾತ್ರ ಹೇಳಲಿಲ್ಲ. ಅವಳ ರೂಮಿನ ಬಾಗಿಲ ತನಕ ಹೋಗುವನು. "ಏನೋ?" ಎನ್ನುವಳು. "ಎಳನೀರು ಬೇಕಾ ಅಕ್ಕ?" ಎನ್ನುವನು. ನಾಲ್ಕು ದಿನದಲ್ಲಿ ಒಂಬತ್ತು ಎಳನೀರು ತಂದ.

೭. ಈ ಜಾಗದಲ್ಲಿ ಮುಗಿಸಬಹುದಾದ ರೀತಿಗಳು

(ಅ) ಅವನು ಹೇಳುವುದೇ ಇಲ್ಲ. ಮಗು ಹುಟ್ಟುತ್ತದೆ, ಹೆಣ್ಣು. ಅವನೊಬ್ಬನೇ ಸ್ವೀಟ್ ಅಂಗಡಿಯ ಮುಂದೆ ನಿಂತು ಅಳುತ್ತಾನೆ. (ಚೆನ್ನಾಗಿದೆ. ಆದರೆ ಇದು ಅವನಿಗೆ ಬಹುಮಾನ ಕೊಟ್ಟ ಹಾಗಾಯಿತು.)

(ಆ) ಅವನು ಹೇಳುವುದೇ ಇಲ್ಲ. ಮಗು ಹುಟ್ಟುತ್ತದೆ, ಗಂಡು. (ಇದನ್ನು ಮುಂದೆ ಬರೆಯಲು ಕೂತೆ. ಕೈ ಬರಲಿಲ್ಲ.)

(ಇ) ಎಲ್ಲವೂ ಅವನ ಕನಸು. (ಛೀ.)

ನಾನು ಹೀಗೆ ಒದ್ದಾಡುತ್ತಿರುವಾಗ, ನನ್ನನ್ನಾಗಲಿ ಪ್ರದ್ಯುಮ್ನನನ್ನಾಗಲಿ ಕೇಳದೆ, ರಾಮಸ್ವಾಮಿಯವರು ಭಾನುವಾರದ ವಾಕಿಂಗ್ ಮುಗಿಸಿ ಮನೆಗೆ ಬಂದುಬಿಟ್ಟರು.

೮

ಎಲ್ಲರೂ ದೋಸೆ ತಿನ್ನುತ್ತಿದ್ದರು. ಲಹರಿಯ ತಟ್ಟೆಯ ಪಕ್ಕದಲ್ಲಿ ಅಡಿಕೆ, ಅಡಕತ್ತರಿ.

"ಆ ಗುರುಮಲ್ಲಪ್ಪಂಗೆ ತಲೆ ಕೆಟ್ಟಿದೆ" ಎನ್ನುತ್ತ ರಾಮಸ್ವಾಮಿ ಕೂತರು. "ನಡುರಸ್ತೇಲಿ ಕೂಗ್ತಾನೆ, 'ಸ್ವಾಮಿ, ಒಂದಕ್ಕೆ ಈಗ ಸಲೀಸಾ? ಈ ತಿಂಗಳ ಮಾತ್ರೆ ತಗೊಂಡೇ ಹೋಗಿಲ್ಲ, ನಿಲ್ಲಿಸ್ಬುಟ್ರಾ?' ಅಂತ. ನಾನು ನಿಲ್ಲಿಸಿ ಎರಡು ವರ್ಷ ಆಯ್ತಯ್ಯಾ ಅಂದ್ರೆ, 'ನಿಮ್ಮ ಮಗನೇ ಬಂದು ತಗೊಂಡು ಹೋಗ್ತಾವ್ರಲ್ಲ' ಅಂತಾನೆ. ಏನೋ ಇದು?"

ಪ್ರದ್ಯುಮ್ನ ನನ್ನ ಕಡೆ ನೋಡಿದ. ನಾನು ಸಹಾಯ ಮಾಡಿದೆ, ಇಲ್ಲವೆನ್ನುವುದಿಲ್ಲ. ಫ್ರೆಂಡಿನ ತಂದೆಗೆ ಅನ್ನು ಎಂದು ಪಿಸುಗುಟ್ಟಿದೆ. ಅವನು ಅದನ್ನು ಹೇಳಲಿಲ್ಲ. ಅರ್ಧ ನಿಜ ಹೇಳಿದ.

"ಕೂದಲಿಗೆ ಅಪ್ಪಾ. ಅದೇ ಮಾತ್ರೆ ಕೂದಲು ಉದುರೋದಕ್ಕೂ ಕೊಡ್ತಾರೆ. ಕಾಲು ಭಾಗ."

ರಾಮಸ್ವಾಮಿ ತಮ್ಮ ನುಣ್ಣನೆಯ ತಲೆ ಸವರಿಕೊಂಡು, "ಎರಡು ವರ್ಷ ಪೂರ್ತಿ ಮಾತ್ರೆ ನುಂಗಿದೆನಲ್ಲೋ, ನನಗೇನು ಜಡೆ ಬಂತಾ?" ಎಂದರು. ವೇದವತಿಗೆ ದೋಸೆ ನೆತ್ತಿಗೆ ಹತ್ತಿತು. ಲಹರಿ ನಕ್ಕಳು. ತವರಿಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಅಯ್ಯೋ ಪೆದ್ದೇ, ನನಗಾದ್ರೂ ಹೇಳಬಾರದಿತ್ತೇನೋ" ಎಂದು ಅವನ ತಲೆಗೂದಲು ಕೆದರಿದಳು.

(ಓದುಗರೇ, ಮುಗಿಸುವುದಿದ್ದರೆ ಇಲ್ಲಿ ಮುಗಿಸಬೇಕಿತ್ತು.)

ಲಹರಿ ನಗುತ್ತಲೇ ಅಡಕತ್ತರಿ ಎತ್ತಿಕೊಂಡಳು. "ಅಷ್ಟು ಸಣ್ಣ ಮಾತ್ರೆ ಕಾಲು ಭಾಗ ಹೆಂಗೋ ಮಾಡ್ತಿದ್ದೆ?"

ಪ್ರದ್ಯುಮ್ನ ದೋಸೆಯ ಅಂಚು ಮುರಿಯತೊಡಗಿದ.

"ಅದಕ್ಕೇ ಅದನ್ನ ಬೇಯಿಸ್ತಿದ್ದಾ?" ಎಂದರು ವೇದವತಿ, ಇನ್ನೂ ನಗುತ್ತ.

ಲಹರಿಯ ಕೈ ನಿಂತಿತು. ಅಲಗನ್ನು ನೋಡಿದಳು, ತನ್ನ ಹೆಬ್ಬೆರಳು ನೋಡಿಕೊಂಡಳು, ಆಮೇಲೆ ತಮ್ಮನ ಮುಖ.

"ಬೇಯಿಸೋ ಅಂಥದ್ದು ಏನಿತ್ತೋ ಅದರಲ್ಲಿ?"

ಅವನು ಹೇಳಿದ. ಎಲ್ಲವನ್ನೂ ಹೇಳಿದ. ಗಂಡಾದರೆ ಎಂಬ ಮಾತು ಬಂದಾಗ ವೇದವತಿ ದೇವರ ಮನೆಯ ಕಡೆ ತಿರುಗಿದರು. ಲಹರಿ ಅಳಲಿಲ್ಲ, ಕೂಗಲಿಲ್ಲ. ಅಡಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ನಿನಗೆ ಯಾವತ್ತು ಗೊತ್ತಾಯ್ತು?"

"ಮಂಗಳವಾರ."

"ಇವತ್ತು ಭಾನುವಾರ ಕಣೋ."

ಅಷ್ಟೇ ಹೇಳಿದಳು.

೯

ಸೋಮವಾರ ಲಹರಿಯ ಡಾಕ್ಟರ ಹತ್ತಿರ ಅಕ್ಕ ತಮ್ಮ ಇಬ್ಬರೂ ಹೋದರು. ವಯಸ್ಸಾದ ಹೆಂಗಸು, ಸಮಾಧಾನದವರು. ಅಲಗಿನ ಮೇಲಿನ ಪುಡಿ ಎಷ್ಟಿದ್ದೀತು, ಹೆದರುವಂಥದ್ದಲ್ಲ, ಅಡಿಕೆಯನ್ನು ಮಾತ್ರ ಮೊದಲು ಬಿಡು ಎಂದರು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಎಲ್ಲ ನೋಡೋಣ ಎಂದರು. 'ಏನೂ ಆಗುವುದಿಲ್ಲ' ಎನ್ನಲಿಲ್ಲ. ಪ್ರದ್ಯುಮ್ನ ಆ ಮಾತಿಗೆ ಕಾದು ಕೂತಿದ್ದ, ಅದು ಬರಲೇ ಇಲ್ಲ.

"ಮೇಡಂ, ಅದು ಗಂಡೋ ಹೆಣ್ಣೋ ಅಂತ ಒಂದು ಗೊತ್ತಾದ್ರೆ..."

ಡಾಕ್ಟರ ಮುಖ ಗಂಟಾಯಿತು. ಹಿಂದಿನ ಗೋಡೆಯ ಬೋರ್ಡಿನ ಕಡೆ ಪೆನ್ನು ತೋರಿಸಿದರು. ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. "ಓದಿದವರು ನೀವು. ಈ ಪ್ರಶ್ನೆ ಕೇಳೋಕೆ ನಾಚಿಕೆ ಆಗಲ್ವಾ?"

ಹೆಣ್ಣಾಗಲಿ ಎಂದು ಬೇಡಿಕೊಂಡು ಆ ಪ್ರಶ್ನೆ ಕೇಳಿದವರು ಆ ರೂಮಿಗೆ ಹಿಂದೆ ಯಾರಾದರೂ ಬಂದಿದ್ದರೋ ಇಲ್ಲವೋ. ಅವನು ತಲೆ ತಗ್ಗಿಸಿದ. ನೆತ್ತಿ ಕಾಣಿಸಿತು.

೧೦

ಈಗ ನೀವು ನನ್ನ ಕಡೆ ನೋಡುತ್ತಿದ್ದೀರಿ. ಬರೆಯುವವನಿಗೆ ಗೊತ್ತಿರಲೇಬೇಕು ಎನ್ನುತ್ತೀರಿ. ಗೊತ್ತಿಲ್ಲ. ಗೊತ್ತಿದ್ದರೂ ಆ ಬೋರ್ಡು ನನಗೂ ಅನ್ವಯಿಸುತ್ತದೆ. ಹುಟ್ಟುವುದಕ್ಕೆ ಇನ್ನೂ ಆರು ತಿಂಗಳಿದೆ, ಈ ಕಥೆಗೆ ಉಳಿದಿರುವುದು ಕೆಲವೇ ಸಾಲು.

ಪ್ರದ್ಯುಮ್ನ ಮತ್ತೆ ಮಾತ್ರೆ ಮುಟ್ಟಿಲ್ಲ. ಬೆಳಗ್ಗೆ ದಿಂಬಿನ ಮೇಲೆ ಬಿದ್ದ ಕೂದಲನ್ನು ಈಗ ಎಣಿಸುವುದೂ ಇಲ್ಲ. ಎಣಿಸುವುದು ವಾರಗಳನ್ನು. ಲಹರಿ ನಜರ್‌ಬಾದಿಗೆ ವಾಪಸು ಹೊರಟಳು. ಅವನು ಬ್ಯಾಗು ಆಟೋದಲ್ಲಿಟ್ಟು ಪಕ್ಕದಲ್ಲೇ ನಿಂತ. ನಾನು ತಡೆಯಲಾರದೆ ಬರೆದುಬಿಟ್ಟೆ: "ಲಹರಿ ಅವನ ಕೈ ಹಿಡಿದು, ಹೋಗಲಿ ಬಿಡೋ ಎಂದಳು."

ಲಹರಿ ಆಟೋದಿಂದ ತಲೆ ಹೊರಗೆ ಹಾಕಿದಳು. ಅವನನ್ನಲ್ಲ, ನನ್ನನ್ನು ನೋಡಿದಳು.

"ಅದನ್ನ ಅಳಿಸಿ."

"ಆಮೇಲೆ ಹೇಳ್ತೀಯೇನಮ್ಮ?"

"ಮಗು ಬರಲಿ. ಹೇಳೋ ಹಾಗಿದ್ರೆ ನಾನೇ ಹೇಳ್ತೀನಿ. ನೀವು ನನ್ನ ಬದಲು ಹೇಳ್ಬೇಡಿ."

ಆಟೋ ಹೊರಟಿತು. ನಾನು ಆ ಸಾಲನ್ನು ಅಳಿಸಿದೆ. ಪ್ರದ್ಯುಮ್ನ ಗೇಟಿನ ಹತ್ತಿರವೇ ನಿಂತಿದ್ದಾನೆ, ಒಳಗೆ ಬಾರಯ್ಯ ಎಂದರೆ ಬರುತ್ತಿಲ್ಲ.