ಚೆರ್ರಿ ಕಟಗಿಯ ಎರಡು ಬಾಗಿಲು

ಮೋನಪ್ಪ ಬಡಿಗೇರ ಯಾರ ಮನೆಗೆ ಹೋದರೂ ಮನುಷ್ಯರ ಮುಖಕ್ಕಿಂತ ಮೊದಲು ಅವರು ಕೂತ ಕುರ್ಚಿಯ ಕಾಲು ನೋಡುತ್ತಿದ್ದ. ಮದುವೆಗೆ ಹೋದರೆ ಹಸೆಮಣೆಯನ್ನು, ಸಾವಿನ ಮನೆಗೆ ಹೋದರೆ ಬಾಗಿಲ ಚೌಕಟ್ಟನ್ನು. ಒಮ್ಮೆಯಂತೂ ಸ್ವಂತ ಮಾವನ ಶವದೆದುರು ಕೂತು, ಗೋಡೆಯ ಗೂಡಿನ ಕದ ಸೊಟ್ಟಗಿದೆಯೆಂದು ಪಕ್ಕದವನಿಗೆ ಪಿಸುಗುಟ್ಟಿ, ಹೆಂಡತಿಯಿಂದ ವರ್ಷಗಟ್ಟಲೆ ಅನ್ನಿಸಿಕೊಂಡ. ಎಡಕ್ಕೆ ವಾಲಿದ ನಡಿಗೆ. ಕಾಲುವೆಯ ಗುತ್ತಿಗೆದಾರನೊಬ್ಬ ಎಂದೋ ಕೊಟ್ಟ, ಶಹಾಪುರದ ಬೇಸಿಗೆಯಲ್ಲೂ ಮೈಬಿಡದ ಖಾಕಿ ಕೋಟು. ಕಿವಿಯ ಸಂದಿಯಲ್ಲಿ ಮೋಟು ಪೆನ್ಸಿಲು. ಹಲಗೆಯೊಂದು ಕೈಗೆ ಬಂದರೆ ಬೆರಳಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಮೂಸಿ, ಕಡೆಗೆ "ಇದರ ಜಾತಕ ನನಗ ಗೊತ್ತದ" ಎಂದು ತೀರ್ಪು ಕೊಡುವನು. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಅವನ ಜೊತೆಗಾರ ಬಾಷುಮಿಯಾ ಪಾಲಿಶ್ ಕೆಲಸದವನು, ಮಾತು ಬಲು ಕಡಿಮೆ. ಕಾಲುವೆ ಅಗೆಯುವ ಕಾಲದಲ್ಲಿ ಕ್ಯಾಂಪಿನ ಮನೆಗಳಿಗೆ ಬಾಗಿಲು ಕೂಡಿಸುತ್ತ ಕೂಡಿಕೊಂಡ ಜೋಡಿ ಅದು. ಒಬ್ಬರಿಗೊಬ್ಬರು ಮೋನ್ಯಾ, ಬಾಷ್ಯಾ. ಬಾಷುಮಿಯಾನ ಹೆಂಡತಿ ಖಾಸಿಂಬೀ ಕಟ್ಟಿದ ರೊಟ್ಟಿ, ಮೋನಪ್ಪನ ಮನೆಯ ಶೇಂಗಾ ಹಿಂಡಿ, ಉಣ್ಣುವುದು ಒಂದೇ ಗಂಗಾಳದಲ್ಲಿ.

ಕೃಷ್ಣೆಯ ನೀರು ಹೊಲಕ್ಕೆ ಹರಿದ ಮೇಲೆ, ಬೇವಿನ ಕಟಗಿಯ ಹೊರಸು ಮಂಚದಲ್ಲಿ ಹುಟ್ಟಿ ಬೆಳೆದವರಿಗೆ ಸಾಗವಾನಿಯೂ ಸಾಲದಾಯಿತು. ದೋರನಹಳ್ಳಿಯಲ್ಲಿ ಭತ್ತ ಬೆಳೆಯುತ್ತಿದ್ದ ಮರಿಲಿಂಗಪ್ಪ ಮಗಳ ಮದುವೆಯ ಅಲಮಾರಿಗೆಂದು ಹೈದರಾಬಾದಿನಿಂದ ಚೆರ್ರಿ ಎಂಬ ಪರದೇಶದ ಕಟಗಿ ತರಿಸಿದ. ಮೋನಪ್ಪ ಅಂಥದ್ದನ್ನು ಹಿಂದೆಂದೂ ಕಂಡಿರಲಿಲ್ಲ. ಎಳೆಗೂಸಿನ ಹಿಮ್ಮಡಿಯಂಥ ತಿಳಿಗುಲಾಬಿ ಬಣ್ಣ. ರಂದಾ ಹೊಡೆದರೆ ರೇಷ್ಮೆಯಂತೆ ಸುರುಳಿಯಾಗಿ ಏಳುವ ಸಿಪ್ಪೆ. ಹೊಟ್ಟಿನಲ್ಲಿ ಹಣ್ಣಿನಂಥ ಸಣ್ಣ ಘಮ. ತಟ್ಟಿದ, ಮೂಸಿದ, ಗೊತ್ತಿಲ್ಲವೆನ್ನಲು ನಾಲಗೆ ಏಳದೆ, ಇದರ ಜಾತಕವೂ ತನಗೆ ಗೊತ್ತೆಂದ.

ಮೊದಲ ಬಾಗಿಲು ಮುಗಿದಾಗ ಅದನ್ನು ಉಜ್ಜಿ ನುಣುಪು ಮಾಡಲು ಬಾಷುಮಿಯಾ ತನ್ನ ಅಂಗಳಕ್ಕೆ ಒಯ್ದ. ಎರಡನೆಯದು ಅಂಗಡಿಯ ಕತ್ತಲೆಯಲ್ಲಿ ಗೋಣಿತಟ್ಟಿನಡಿ ಉಳಿಯಿತು. ಮರಿಲಿಂಗಪ್ಪ ನೋಡಲು ಬಂದ ದಿನ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದರು. ಅಂಗಡಿಯಲ್ಲಿದ್ದದ್ದು ಇನ್ನೂ ಎಳೆಗುಲಾಬಿ. ಬಾಷುಮಿಯಾನ ಅಂಗಳದಿಂದ ಬಂದದ್ದು ಹಳೆಯ ಬೆಲ್ಲದ ಬಣ್ಣ. ಮೋನಪ್ಪ ಬೆಚ್ಚಿ ಎರಡನ್ನೂ ತಟ್ಟಿ ತಟ್ಟಿ ನೋಡಿದ.

"ಒಂದು ಹೊಸದು, ಒಂದು ಯಾರದೋ ಹಳೀ ಮನಿದು ಕಿತ್ತು ತಂದಂಗ ಅದ," ಅಂದ ಮರಿಲಿಂಗಪ್ಪ. "ಬೀಗರಿಗಿ ನಾ ಏನು ಹೇಳ್ಲಿ?"

ಮೋನಪ್ಪನ ಬೆರಳು ತಾನಾಗಿ ಬಾಷುಮಿಯಾನ ಕಡೆ ತಿರುಗಿತು. "ನನ್ನ ಕೈಯಾಗಿಂದ ಹೋಗುವಾಗ ಚಲೋ ಇತ್ತರಿ. ಇವ ಆ ಕಟಗಿ ಮಾರ್ಕೊಂಡು, ಬ್ಯಾರೇದಕ್ಕ ಬಣ್ಣ ಹಚ್ಚ್ಯಾನ."

"ಮೋನ್ಯಾ, ನಾ ಬಣ್ಣದ ಡಬ್ಬಿ ಮುಚ್ಚಳಾನೇ ತೆಗದಿಲ್ಲ," ಅಂದ ಬಾಷುಮಿಯಾ, ಬಹಳ ಮೆಲ್ಲಗೆ. ಮೋನಪ್ಪ ಬೇರೆ ಕಡೆ ನೋಡಿದ. ಬಾಷುಮಿಯಾ ತನ್ನ ಅರಿವೆ ಚೂರುಗಳನ್ನು ಗಂಟು ಕಟ್ಟಿಕೊಂಡು ಹೊರಟುಹೋದ. ಇನ್ನೊಂದು ವಾರ ಟೈಮು ಕೊಡುತ್ತೇನೆಂದು ಹೇಳಿ ಮರಿಲಿಂಗಪ್ಪನೂ ಹೋದ.

ಬಣ್ಣ ಕೆತ್ತಿ ತೆಗೆದರಾಯಿತೆಂದು ಮೋನಪ್ಪ ಆ ಬಾಗಿಲಿಗೆ ರಂದಾ ಹೊಡೆದ. ಕೂದಲೆಳೆಯಷ್ಟು ಆಳದಲ್ಲೇ ಮತ್ತೆ ಅದೇ ಎಳೆಗುಲಾಬಿ. ಬೇರೆ ಕಟಗಿಯೆಂಬ ಮಾತು ಅಲ್ಲಿಗೇ ಸುಳ್ಳಾಗಿತ್ತು. ಆದರೆ ಬಣ್ಣ ಹಚ್ಚಿದ್ದಂತೂ ನಿಜವೆಂದು ಹಟಕ್ಕೆ ಬಿದ್ದು, ಯಾದಗಿರಿಯಿಂದ ಬೇರೊಬ್ಬ ಪಾಲಿಶ್‌ನವನನ್ನು ಕರೆಸಲು ಹೇಳಿಕಳಿಸಿದ. ಬಾಗಿಲು ಅಂಗಡಿಯ ಮುಂದಿನ ಅಂಗಳದಲ್ಲೇ ಉಳಿಯಿತು. ಹತಾರವನ್ನು ಎಂದೂ ಹೊರಗೆ ಬಿಡದವನು, ಮನಸ್ಸು ನೆಟ್ಟಗಿಲ್ಲದೆ, ಮೂಲೆ ಅಳೆಯುವ ಕಬ್ಬಿಣದ ಗುನ್ಯಾವನ್ನು ಅದರ ಮೇಲೆಯೇ ಮರೆತಿದ್ದ. ನಾಲ್ಕಾರು ದಿನ ಬಿಟ್ಟು ಎತ್ತಿ ನೋಡಿದ. ಬಾಗಿಲೆಲ್ಲ ಕೆಂಪೇರಿತ್ತು, ಗುನ್ಯಾ ಇದ್ದಲ್ಲಿ ಮಾತ್ರ ಅದರದೇ ಆಕಾರದಲ್ಲಿ ಎಳೆಗುಲಾಬಿ ಗುರುತು. ಬಿಸಿಲಿಗೆ ಬಣ್ಣ ತಿರುಗುವ ಕಟಗಿ ಅದು. ಯಾರೂ ಏನೂ ಮಾಡಿರಲಿಲ್ಲ.

ಚಪ್ಪಲಿಯಿಲ್ಲದೆ ಬಾಷುಮಿಯಾನ ಮನೆಗೆ ಓಡಿದ. ಅವನು ಸುರಪುರದ ಕಡೆ ಕೂಲಿಗೆ ಹೋಗಿದ್ದ. ಖಾಸಿಂಬೀ ಹೊಸ್ತಿಲಲ್ಲೇ ನಿಂತು ಹೇಳಿದಳು: "ಮರುದಿನಾನೇ ದೋರನಹಳ್ಳಿಗಿ ಹೋಗಿ, ಕಟಗಿ ಮಾರಿ ಬ್ಯಾರೇದಕ್ಕ ಬಣ್ಣ ಹಚ್ಚಿದ್ದು ನಾನೇ, ಬಡಿಗೇರಂದು ಏನೂ ತಪ್ಪಿಲ್ಲ ಅಂತ ಒಪ್ಪಿಕೊಂಡು ಬಂದಾರ. ಮೋನ್ಯಾನ ಹೆಸರು ಕೆಟ್ಟರ ಅವ ಬದುಕಂಗಿಲ್ಲ ಅಂದ್ರು."

ಕಟಗಿ ಬಣ್ಣ ತಿರುಗಿದ್ದಕ್ಕೆ ಮೋನಪ್ಪ ಬೆಚ್ಚಿದ್ದು ಇದರ ಮುಂದೆ ಏನೂ ಅಲ್ಲ. ಮಾಡದ ಕಳ್ಳತನವನ್ನು ಒಬ್ಬ ಮನುಷ್ಯ, ಅದೂ ತನ್ನನ್ನು ಕಳ್ಳನೆಂದವನಿಗಾಗಿ, ಮೈಮೇಲೆ ಎಳೆದುಕೊಳ್ಳಬಲ್ಲನೆಂಬುದು ಅವನ ಬುದ್ಧಿಗೆ ನಿಲುಕಲೇ ಇಲ್ಲ. ಖಾಸಿಂಬೀ ಕೊಟ್ಟ ನೀರು ಕುಡಿಯದೆ ಅಂಗಡಿಗೆ ಮರಳಿದ.

ಆ ಬಾಗಿಲನ್ನೇ ಟಂಟಂನಲ್ಲಿ ಹೇರಿಕೊಂಡು ದೋರನಹಳ್ಳಿಗೆ ಹೋದ. ನಾಲ್ಕು ಜನರೆದುರು ಗುರುತು ತೋರಿಸಿ, ಬಾಷುಮಿಯಾ ನಿರ್ದೋಷಿ, ಸುಳ್ಳಾಡಿದವನು ತಾನು ಎಂದ. ಮರಿಲಿಂಗಪ್ಪ ಗುರುತಿನ ಮೇಲೆ ಬೆರಳಾಡಿಸಿ ನೋಡಿದ. ಆಮೇಲೆ ತಾನೇ ಬಾಷುಮಿಯಾನ ಮನೆಗೆ ಹೋಗಿ, ನಿನ್ನದೇನೂ ತಪ್ಪಿಲ್ಲವೆಂದು ಹೇಳಿದ. ಎರಡೂ ಬಾಗಿಲನ್ನು ಹೊಸದಾಗಿ ಕೆತ್ತಿ, ಒಟ್ಟಿಗೆ ಬಿಸಿಲಿಗಿಟ್ಟಾಗ ಒಂದೇ ಕೆಂಪಾದವು. ಅಲಮಾರಿ ಮದುವೆಯ ಹೊತ್ತಿಗೆ ಸರಿಯಾಗಿ ಹೋಯಿತು.

ಅದಕ್ಕೆ ಪಾಲಿಶ್ ಹಚ್ಚಲು ಬಾಷುಮಿಯಾನೇ ಬಂದಿದ್ದ. ಮೋನಪ್ಪ ಕಾಲು ಮುಟ್ಟಲು ಬಾಗಿದರೆ ಹಿಂದೆ ಸರಿದು, "ಏಳ್ರಿ ಬಡಿಗೇರ್ರ, ಕೆಲಸ ಭಾಳ ಅದ" ಅಂದ. ಆ 'ರಿ' ಕೇಳಿ ಮೋನಪ್ಪ ಏಟು ತಿಂದವನಂತೆ ನಿಂತುಬಿಟ್ಟ. ಬಾಷುಮಿಯಾ ಮುಂದೆಯೂ ಕೆಲಸಕ್ಕೆ ಬಂದ, ನಕ್ಕ, ಕಷ್ಟಕ್ಕೆ ನಿಂತ. ಆದರೆ ಬುತ್ತಿಯನ್ನು ಬೇರೆ ಬಿಚ್ಚಿದ, ಸಾಯುವ ತನಕ ಬಹುವಚನ ಬಿಡಲಿಲ್ಲ.

ಕೈಯ ಕಸುಬನ್ನೇ ದೈವವೆಂದು ನಂಬಿ ಬಾಳಿದ ಇಂಥವರು ಕೆಟ್ಟವರಲ್ಲ. ಹೊಟ್ಟೆಗಿಲ್ಲದಿದ್ದರೂ ಒಂದು ಕೀಲನ್ನು ಸಡಿಲ ಬಿಡದ ನಿಷ್ಠಾವಂತರು. ಆದರೆ ತಾವರಿಯದ್ದು ಈ ಲೋಕದಲ್ಲಿದೆಯೆಂದು ಒಪ್ಪುವುದಕ್ಕಿಂತ, ತಮ್ಮವರು ಕಳ್ಳರೆಂದು ನಂಬುವುದು ಅವರಿಗೆ ಒಂದು ಗಳಿಗೆಯ ಮಟ್ಟಿಗೆ ಸುಲಭವಾಗಿಬಿಡುತ್ತದೆ. ಆ ಒಂದು ಗಳಿಗೆಯಲ್ಲಿ ಬಿರಿದದ್ದನ್ನು ಕೂಡಿಸುವ ವಿದ್ಯೆ ಯಾವ ಬಡಿಗನಿಗೂ ಒಲಿದದ್ದಿಲ್ಲ.