ಮುಚ್ಚಳದ ಮೇಲಿನ ಕೆಂಪು ಚೀಟಿ

ಕಚೇರಿಯ ಕಂಪ್ಯೂಟರುಗಳನ್ನು ಕಾಯುವ ಅಕ್ಕನ ತಲೆ ಮೂರು ವಾರದಲ್ಲಿ ಕೆಟ್ಟು ಕೆರ ಹಿಡಿದಿತ್ತು. ಪೆನ್‌ಡ್ರೈವ್ ಚುಚ್ಚಿದರೆ ತೆರೆಯಬಾರದು ಎಂಬ ಒಂದೇ ನಿಯಮವನ್ನು ವಿಂಡೋಸ್‌ಗೆ, ಲಿನಕ್ಸ್‌ಗೆ, ಮ್ಯಾಕ್‌ಗೆ ಬೇರೆ ಬೇರೆಯಾಗಿ ಬರೆಯಬೇಕಿತ್ತು. ಕೊನೆಗೂ ಬಗ್ಗದೆ ಉಳಿದದ್ದು ಪ್ರಯೋಗಾಲಯದ ಒಂದು ಹಳೇ ಡಬ್ಬಾ ಕಂಪ್ಯೂಟರು. ಅದರ ಮೈಮೇಲೆ 'ಇದನ್ನು ನಂಬಬೇಡಿ' ಎಂಬ ಕೆಂಪು ಚೀಟಿ ಅಂಟಿಸಿದಳು. ನಿಯಮ ತಪ್ಪಿಸಿಕೊಂಡ ಯಂತ್ರಕ್ಕೆಲ್ಲ ಆ ಚೀಟಿ ಕಡ್ಡಾಯ. ಆ ಆದೇಶಕ್ಕೆ ರುಜು ಹಾಕಿದವರು ಕಚೇರಿಯ ನಿರ್ದೇಶಕರೇ.

ಮರುದಿನ ಅದೇ ನಿರ್ದೇಶಕರು ತಮ್ಮ ಬೆಳ್ಳಿ ಬಣ್ಣದ ಮ್ಯಾಕ್ ಲ್ಯಾಪ್‌ಟಾಪ್ ತಂದು ಅವಳ ಮೇಜಿನ ಮೇಲೆ ಕುಕ್ಕಿದರು. "ನಿಮ್ಮ ನಿಯಮ ಉಳಿದೋರಿಗೆ ಇಟ್ಕೊಳ್ಳಿ. ಇದನ್ನ ಬಿಟ್ಬಿಡಿ."

ಅಕ್ಕನ ಪಿತ್ತ ನೆತ್ತಿಗೇರಿತು. ಆದರೂ ತಣ್ಣಗೆ ನಾಲ್ಕು ಕೀ ಒತ್ತಿ ಅದನ್ನು ನಿಯಮದಿಂದ ಹೊರಗಿಟ್ಟಳು. ಆಮೇಲೆ ಡ್ರಾಯರ್ ಎಳೆದು, ಮ್ಯಾಕಿನ ಮುಚ್ಚಳದ ನಟ್ಟನಡುವೆ ಕೆಂಪು ಚೀಟಿ ಒತ್ತಿ ಅಂಟಿಸಿದಳು.

"ಏನ್ರೀ ಇದು? ಹತ್ತು ಗಂಟೆಗೆ ಗ್ರಾಹಕರ ಮೀಟಿಂಗಿದೆ."

"ಗೊತ್ತು ಸರ್. ಮುಚ್ಚಳ ಅವರ ಕಡೆಗೇ ಇರುತ್ತೆ."

"ನಿಮ್ಮನ್ನ ಗೋಡೌನಿಗೆ ಹಾಕ್ತೀನಿ."

"ಹಾಕಿ. ಅಲ್ಲೂ ಕಂಪ್ಯೂಟರಿವೆ."

ನಿರ್ದೇಶಕರು ಉಗುರಿನಿಂದ ಚೀಟಿ ಕೆರೆಯತೊಡಗಿದರು. ಅಕ್ಕ ಕೈಕಟ್ಟಿ ನೋಡುತ್ತ ಕೂತಳು.

"ಗೋಂದು ಗಟ್ಟಿ ಸರ್. ನಿಯಮ ಹಾಕಿಸ್ಕೊಳ್ಳಿ, ನಾನೇ ಕಿತ್ಕೊಡ್ತೀನಿ."