ಪಟ್ಟಿಯಲ್ಲಿದ್ದ ನಂದಕುಮಾರ್

ಗಂಗಾನಗರದ ಮೊದಲ ಮಹಡಿಯ ಮನೆಯಲ್ಲಿ ಸತ್ಯವತಿ ಕಿವಿಗೆ ಹೆಡ್‌ಫೋನ್ ಹಾಕಿ, ದೂರದ ಆಸ್ಪತ್ರೆಗಳ ವೈದ್ಯರು ಹೇಳಿದ್ದನ್ನು ಕೇಳಿ ಟೈಪ್ ಮಾಡುತ್ತಿದ್ದಳು. ದಿನಕ್ಕೆ ಇಪ್ಪತ್ತು ರೋಗಿಗಳ ವರದಿ. 2018ರ ಜುಲೈನಲ್ಲಿ ಮೂರು ವಾರದಿಂದ ಅವಳಿಗೆ ನೆಟ್ ಕೈಕೊಡುತ್ತಿತ್ತು. ವೈದ್ಯರ ಮಾತು ಅರ್ಧಕ್ಕೇ ನಿಂತು, ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ಅದೂ ಹಗಲಲ್ಲೇ. ಗಂಡ ವಸಿಷ್ಠ ಆಫೀಸಿನಿಂದ ಬರುವ ಹೊತ್ತಿಗೆ ಎಲ್ಲ ಸರಿಯಾಗಿರುತ್ತಿತ್ತು. ಹೇಳಿದರೆ ಅವನು, "ನೋಡೋಣ ಬಿಡು" ಎಂದು ತಟ್ಟೆಯ ಮುಂದೆ ಕೂರುತ್ತಿದ್ದ.

ಒಂದು ಮಧ್ಯಾಹ್ನ ಬೇಸತ್ತು ನೆಟ್ ಕಂಪನಿಗೆ ಫೋನ್ ಮಾಡಿದಳು.

"ರೂಟರ್ ಪೇಜ್ ಓಪನ್ ಮಾಡಿ ಮೇಡಂ. ಏನೇನು ಕನೆಕ್ಟ್ ಆಗಿದೆ ಅಂತ ಲಿಸ್ಟ್ ಬರುತ್ತೆ" ಎಂದಳು ಆ ಕಡೆಯ ಹುಡುಗಿ.

ಪಟ್ಟಿಯಲ್ಲಿ ನಾಲ್ಕು ಸಾಲಿತ್ತು. ಒಂದು ಅವಳ ಕಂಪ್ಯೂಟರಿನದು. ಫೋನಿನ ವೈಫೈ ಆರಿಸಿದಳು. ಒಂದು ಸಾಲು ಹೋಯಿತು. ಟಿವಿಯ ಸ್ವಿಚ್ ಆರಿಸಿದಳು, ಇನ್ನೊಂದು ಹೋಯಿತು. ಮಗಳು ಶರ್ವಾಣಿ ಫೋನ್ ಸಮೇತ ಕಾಲೇಜಿನಲ್ಲಿದ್ದಳು. ಆದರೂ ಒಂದು ಉಳಿಯಿತು: 'ನಂದಕುಮಾರ್ ಪಿಸಿ'.

"ನಮ್ಮನೇಲಿ ನಂದಕುಮಾರ್ ಅಂತ ಯಾರೂ ಇಲ್ವಲ್ಲಮ್ಮ."

"ಅಕ್ಕಪಕ್ಕದವ್ರು ಯಾರೋ ಇರ್ಬೇಕು. ಮುಂದೆ ಬ್ಲಾಕ್ ಅಂತಿದೆ, ಒತ್ತಿ. ಆಮೇಲೆ ಪಾಸ್‌ವರ್ಡ್ ಚೇಂಜ್ ಮಾಡ್ಬಿಡಿ."

ಒತ್ತಿದಳು. ಫೋನಿಟ್ಟು, ಹೊಸ ಪಾಸ್‌ವರ್ಡ್ ಏನಿಡಲಿ ಎಂದು ಯೋಚಿಸುತ್ತಿದ್ದಾಗ ಟೆರೇಸಿನ ಮೆಟ್ಟಿಲಿಂದ ಯಾರೋ ದಡದಡ ಇಳಿದು ಬಂದರು. ಬಾಗಿಲಲ್ಲಿ ವಸಿಷ್ಠ. ಬೆಳಿಗ್ಗೆ ಡಬ್ಬಿ ಹಿಡಿದು ಹೊರಟಾಗಿನ ಅದೇ ಇಸ್ತ್ರಿ ಅಂಗಿ; ಕೈಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್.

"ನೆಟ್ ಏನಾಯ್ತೇ? ಇಂಟರ್‌ವ್ಯೂ ನಡೀತಿತ್ತು..." ಎಂದವನು ಅಲ್ಲಿಗೇ ನಿಂತ.

"ನೀವು ಆಫೀಸಿಗೆ ಹೋಗ್ಲಿಲ್ವಾ?"

ವಸಿಷ್ಠ ನೆಲ ನೋಡಿದ. "ತೆಗೆದ್ಬಿಟ್ರು. ಮೂರು ವಾರ ಆಯ್ತು. ಇದು ಜೊತೇಲಿ ಕೆಲಸ ಮಾಡ್ತಿದ್ದ ನಂದಕುಮಾರಂದು. ಮೇಲೆ ಟ್ಯಾಂಕ್ ಪಕ್ಕದ ರೂಮಲ್ಲಿ ಕೂತ್ಕೋತೀನಿ."

ಸತ್ಯವತಿ ಕಂಪ್ಯೂಟರಿನತ್ತ ತಿರುಗಿದಳು. ಬ್ಲಾಕ್ ತೆಗೆಯುವುದು ಎಲ್ಲೆಂದು ತಿಳಿಯದೆ ತಡಕಾಡಿ, ಕೊನೆಗೂ ತೆಗೆದು, "ಬನ್ನಿ, ಇಲ್ಲೇ ಕೂತು ಮಾತಾಡಿ" ಎಂದು ಎದ್ದು ಕುರ್ಚಿ ಕೊಟ್ಟಳು. ಅವನು ಮತ್ತೆ ಕರೆ ಮಾಡಿದ. ಆ ಕಡೆಯವರು ಬೇರೊಬ್ಬರನ್ನು ಮಾತಾಡಿಸುತ್ತಿದ್ದರು. ಆಮೇಲೆ ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ.

"ನಾನೇ ಕೆಡಿಸ್ಬಿಟ್ಟೆ" ಎಂದಳು ಸತ್ಯವತಿ.

"ನಿಂಗೇನು ಗೊತ್ತಿತ್ತು?"

"ನಂಗ್ಯಾಕೆ ಹೇಳ್ಲಿಲ್ಲ?"

"ದಿನಾ ಸಂಜೆ ಹೇಳ್ಬೇಕು ಅಂತಲೇ ಇಳೀತಿದ್ದೆ. ನೀನು ಕಣ್ಣು ಒತ್ಕೊಂಡು ಕೂತಿರ್ತಿದ್ದೆ. ನಾಳೆ ಹೇಳಿದ್ರಾಯ್ತು ಅನ್ಕೋತಿದ್ದೆ."

ಅವಳಿಗೆ ಸಿಟ್ಟು ಬರಬೇಕಿತ್ತು. ಆದರೆ ತಗಡಿನ ಸೂರಿನ ಆ ಕೋಣೆಯಲ್ಲಿ ಒಬ್ಬನೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ ಗಂಡ ಕಣ್ಣ ಮುಂದೆ ಬಂದ.

ಸಂಜೆ ಮಗಳು ಬಂದಾಗ ವಸಿಷ್ಠನೇ ವಿಷಯ ತಿಳಿಸಿದ. ಮರುದಿನದಿಂದ ಗಂಡ ಹೆಂಡತಿ ಇಬ್ಬರೂ ಊಟದ ಮೇಜಿನ ಎರಡು ತುದಿಯಲ್ಲಿ ಕೂತರು. ಅವನಿಗೆ ಇಂಟರ್‌ವ್ಯೂ ಇದ್ದಾಗ ಅವಳು ಕೆಲಸ ನಿಲ್ಲಿಸಿ ಬಟ್ಟೆ ಮಡಿಸುತ್ತಿದ್ದಳು. ಅಕ್ಟೋಬರಿನಲ್ಲಿ ಯಶವಂತಪುರದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸಂಭ್ರಮಪಡುವ ಶಕ್ತಿ ಇಬ್ಬರಲ್ಲೂ ಉಳಿದಿರಲಿಲ್ಲ. ಆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಸಂಜೆಯಾಗುವವರೆಗೂ ನಿದ್ದೆ ಮಾಡಿದರು.